ಶಿವನಿಯ ನಾಯಿಗಳೂ ನನ್ನ ಗುರುವಾರಗಳೂ

ಕಡೂರಿನ ನಮ್ಮ ಬೀದಿಯ ಕೊನೆಯಲ್ಲಿ ಈಗ ನಾಯಿ ಬೆಕ್ಕುಗಳಿಗೆಂದೇ ಒಂದು ಕ್ಲಿನಿಕ್ ಆಗಿದೆ. ಗಾಜಿನ ಬಾಗಿಲು, ಒಳಗೆ ಫ್ಯಾನು, ಕೂರಲು ಮೆತ್ತನೆಯ ಕುರ್ಚಿ. ಹೋದ ತಿಂಗಳು ಪಕ್ಕದ ಮನೆಯ ಶೈಲಾ ತನ್ನ ನಾಯಿಯನ್ನು ಎತ್ತಿಕೊಂಡು ಹೊರಟವಳು, "ಆಂಟಿ, ನನ್ನೊಬ್ಬಳ ಕೈಲಿ ಹಿಡ್ಕೊಳ್ಳೋಕೆ ಆಗಲ್ಲ, ನೀವೂ ಬನ್ನಿ" ಅಂತ ನನ್ನನ್ನೂ ಎಳೆದುಕೊಂಡು ಹೋದಳು. ಒಳಗೆ ಕಾಲಿಟ್ಟರೆ ಜನ ಸಾಲಾಗಿ ಕೂತಿದ್ದಾರೆ, ಒಬ್ಬೊಬ್ಬರ ಕಾಲ ಬಳಿ ಒಂದೊಂದು ನಾಯಿ. ಒಂದೂ ಕುಂಟುತ್ತಿಲ್ಲ, ಕೆಮ್ಮುತ್ತಿಲ್ಲ, ಯಾವುದರ ಮೈಮೇಲೂ ಹುಣ್ಣಿಲ್ಲ. ನೀಲಿ ಕೋಟು ತೊಟ್ಟ ನರ್ಸ್ ಹುಡುಗಿಯೊಬ್ಬಳು ಒಂದೊಂದನ್ನೇ ತೂಕ ಮಾಡಿ, ಹಲ್ಲು ನೋಡಿ, ಕಿವಿ ನೋಡಿ, ಉಗುರು ಕತ್ತರಿಸಿ, ಚುಚ್ಚುಮದ್ದು ಕೊಟ್ಟು ಕಳಿಸುತ್ತಿದ್ದಾಳೆ.

ಪಕ್ಕದಲ್ಲಿ ಕೂತಿದ್ದ ಒಬ್ಬ ಯುವಕನನ್ನು ಕೇಳಿದೆ. "ಏನಾಗಿದೆಯಪ್ಪ ಇದಕ್ಕೆ?"

"ಏನೂ ಆಗಿಲ್ಲ ಆಂಟಿ. ಏನೂ ಆಗ್ಬಾರ್ದು ಅಂತ ಕರ್ಕೊಂಡ್ ಬಂದಿದೀನಿ."

ಅಷ್ಟು ಕೇಳಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಆ ಹುಡುಗನ ತಪ್ಪೇನೂ ಇಲ್ಲ. ಆದರೆ ಇದೇ ಮಾತನ್ನು ಒಬ್ಬರ ಬಾಯಿಂದ, ಒಬ್ಬರೇ ಒಬ್ಬರ ಬಾಯಿಂದ ಕೇಳಬೇಕೆಂದು ನಾನು ಇಡೀ ಒಂದು ವರ್ಷ ಶಿವನಿಯಲ್ಲಿ ಗಂಟಲು ಹರಿದುಕೊಂಡಿದ್ದೆ. ಆಗ ಎಲ್ಲಿ ಹೋಗಿದ್ದಿರಪ್ಪ ನೀವೆಲ್ಲ? ಸ್ಪಿರಿಟ್ಟಿನ ವಾಸನೆ, ನಾಯಿಯ ಒದ್ದೆ ಕೂದಲಿನ ವಾಸನೆ ಎರಡೂ ಸೇರಿ ಮೂಗಿಗೆ ಬಡಿಯಿತು, ಕೂತಲ್ಲೇ ನಾನು ಶಿವನಿ ಸ್ಟೇಷನ್ನಿನಲ್ಲಿ ರೈಲು ಇಳಿದುಬಿಟ್ಟೆ.

ತುರ್ತು ಪರಿಸ್ಥಿತಿ ಮುಗಿದು ಎರಡು ಮೂರು ವರ್ಷವಾಗಿತ್ತು. ನಮ್ಮ ತಂದೆ ತರೀಕೆರೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅವರ ಮಗಳು ಎಂಬ ಕಾರಣಕ್ಕೆ ಅನುಕಂಪದ ಮೇಲೆ ನನಗೆ ಕೆಲಸ ಕೊಟ್ಟು, ಒಂದಿಷ್ಟು ತರಬೇತಿ ಕೊಡಿಸಿ, ಅಜ್ಜಂಪುರಕ್ಕೆ ಹಾಕಿದರು. ಅಮ್ಮನನ್ನು ಕರೆದುಕೊಂಡು ಅಲ್ಲೇ ಮನೆ ಮಾಡಿದೆ. ದನ ಹಿಡಿಯುವ ಕೆಲಸಕ್ಕೆ ಹೆಣ್ಣುಮಗಳೇ ಅಂತ ಊರವರು ಬಾಯಿಮೇಲೆ ಕೈ ಇಟ್ಟುಕೊಂಡು ನೋಡಿದರು. ನೋಡಲಿ ಬಿಡಿ. ಅಪ್ಪನ ಜೊತೆ ಕೊಟ್ಟಿಗೆ ಕೊಟ್ಟಿಗೆ ಸುತ್ತಿ ಬೆಳೆದವಳು ನಾನು, ಒದೆಯುವ ಎಮ್ಮೆಗೂ ಹೆದರಿದವಳಲ್ಲ.

ನಮ್ಮ ಡಾಕ್ಟರು ಒಳ್ಳೆಯವರೇ, ಆದರೆ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳಬೇಕು ಎಂಬ ಹುಳ. ಒಂದು ದಿನ ಕರೆದು, "ನೋಡಮ್ಮ ಪುಷ್ಪ, ಇನ್ಮೇಲೆ ಪ್ರತಿ ಗುರುವಾರ ನೀನು ಶಿವನಿಗೆ ಹೋಗು. ಕಾಯಿಲೆ ಪ್ರಾಣಿ ಮುಟ್ಬೇಡ, ಅದು ನನ್ನ ಕೆಲಸ. ಚೆನ್ನಾಗಿರೋವನ್ನ ನೋಡು. ನಾಯಿಗೆ ಹುಚ್ಚು ಬರದ ಹಾಗೆ ಇಂಜೆಕ್ಷನ್ ಕೊಡು, ಜಂತಿನ ಔಷಧಿ ಕುಡಿಸು, ಉಣ್ಣೆ ಹುಳಕ್ಕೆ ಪುಡಿ ಹಾಕು" ಅಂದರು. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು! ಕಡೂರಿನಿಂದ ಬೆಳಗಿನ ಬಸ್ಸಿನಲ್ಲಿ ಬರುವ ಐಸನ್ನು ಥರ್ಮಾಸಿಗೆ ತುಂಬಿಸಿ, ಅದರಲ್ಲಿ ಲಸಿಕೆ ಇಟ್ಟುಕೊಂಡು, ಪ್ಯಾಸೆಂಜರ್ ರೈಲು ಹತ್ತಿ, ಎಂಜಿನ್ನಿನ ಇದ್ದಿಲ ಪುಡಿಯನ್ನು ಕಣ್ಣಿಗೆ ತುಂಬಿಕೊಂಡು ಶಿವನಿಯಲ್ಲಿ ಇಳಿಯುವುದು. ಸ್ಟೇಷನ್ನಿನ ಎದುರು ಒಂದು ಹೆಂಚಿನ ಕೋಣೆ, ಒಂದು ಮೇಜು, ಒಂದು ಸ್ಟೂಲು. ಅಷ್ಟೇ ನನ್ನ ಕ್ಲಿನಿಕ್.

ಮೊದಲನೇ ಗುರುವಾರ ಒಬ್ಬ ಬಂದ. ಅವನ ನಾಯಿಗೆ ಮೈತುಂಬ ಕಜ್ಜಿ.

"ಇದನ್ನ ಡಾಕ್ಟರೇ ನೋಡ್ಬೇಕಪ್ಪ, ಅಜ್ಜಂಪುರಕ್ಕೆ ಕರ್ಕೊಂಡು ಹೋಗು. ನಾನು ಚೆನ್ನಾಗಿರೋ ನಾಯಿನ ಮಾತ್ರ ನೋಡೋದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಚೆನ್ನಾಗಿರೋ ನಾಯಿನ ಆಸ್ಪತ್ರೆಗೆ ಯಾಕ್ ತತ್ತಾರೆ ನರ್ಸಮ್ಮ? ತಲೆಗಿಲೆ ಕೆಟ್ಟೈತಾ?"

ಇದೇ ಮಾತು, ವಾರ ವಾರವೂ ಇದೇ ಮಾತು. ಹಾಲು ಕೊಡದ ಎಮ್ಮೆ ಬಂತು, ಕುತ್ತಿಗೆ ತಿರುಚಿಕೊಂಡ ಕೋಳಿ ಬಂತು, ಹೊಟ್ಟೆ ಉಬ್ಬಿದ ಮೇಕೆ ಬಂತು, ಒಬ್ಬ ಅಜ್ಜಿಯಂತೂ ತನ್ನ ಮಂಡಿನೋವನ್ನೇ ತಂದಳು. ಚೆನ್ನಾಗಿರುವ ಒಂದು ನಾಯಿ, ಒಂದೇ ಒಂದು ನಾಯಿ ಬರಲಿಲ್ಲ. ನಾನೇ ಮನೆ ಮನೆ ಬಾಗಿಲಿಗೆ ಹೋಗಿ ಕರೆದೆ. ಹೆಂಗಸರು ಕೂರಿಸಿ ಮಜ್ಜಿಗೆ ಕೊಟ್ಟರು, ನನಗೆ ಗಂಡು ನೋಡಿದ್ದಾರಾ ಅಂತ ವಿಚಾರಿಸಿದರು, ನಾಯಿಯ ಮಾತೆತ್ತಿದರೆ ಮಾತ್ರ "ಬತ್ತೀವಿ ಕಣಮ್ಮ, ಏನಾದ್ರೂ ಆದ್ರೆ ಬಂದೇ ಬತ್ತೀವಿ" ಅಂದರು. ಏನಾದರೂ ಆದ ಮೇಲೆ ಬಂದು ಏನು ಮಾಡುತ್ತೀರಿ ತಾಯೀ ಅಂತ ಹಣೆ ಹಣೆ ಚಚ್ಚಿಕೊಂಡೆ. ಸಂಜೆ ಹೊತ್ತಿಗೆ ಐಸು ಕರಗಿ ನೀರಾಗಿರುತ್ತಿತ್ತು, ನನ್ನ ಸಹನೆಯೂ ಅಷ್ಟೇ.

ಅಸಲು ವಿಷಯ ನನಗೆ ಹೇಳಿದವಳು ಗಿರಿಜಕ್ಕ. ಸ್ಟೇಷನ್ನಿಗೆ ಅಂಟಿಕೊಂಡಂತೆ ಅವಳದೊಂದು ಇಡ್ಲಿ ಕಾಫಿಯ ಹೋಟೆಲು. ಗಂಡ ಸತ್ತ ಮೇಲೆ ಅದನ್ನು ಅವಳೇ ನಡೆಸುತ್ತಿದ್ದಳು. ಜೊತೆಗಿದ್ದದ್ದು ಒಂದನೇ ಕ್ಲಾಸಿನ ಮಗಳು ಸುಮ ಮತ್ತು ರಾಜ. ರಾಜ ಅಂದರೆ ನಾಯಿ. ಕಂದು ಬಣ್ಣದ ನಾಡತಳಿ. ಸ್ಕೂಲು ಬಿಡುವ ಹೊತ್ತಿಗೆ ಹಳಿಯ ಆಚೆ ಹೋಗಿ ನಿಂತು, ಸುಮಾಳನ್ನು ಕರೆದುಕೊಂಡು ಬರುವುದು ಅವನದೇ ಕೆಲಸ. ಎರಡು ಹೆಣ್ಣುಜೀವ ಇರುವ ಆ ಮನೆಗೆ ಬೀಗ, ಬೇಲಿ, ಗಂಡಸು ಎಲ್ಲ ಅವನೇ.

"ಪುಷ್ಪ, ಊರಲ್ಲೇನಂತಾರೆ ಗೊತ್ತೇನೇ?" ಗಿರಿಜಕ್ಕ ಚಟ್ನಿ ಬಡಿಸುತ್ತ ದನಿ ತಗ್ಗಿಸಿದಳು. "ನಾಯಿಗೂ ಕುಟುಂಬ ಯೋಜನೆ ಬಂದೈತಂತೆ. ಮೊದ್ಲು ಗಂಡಸರನ್ನ ಹಿಡ್ಕೊಂಡು ಹೋದ್ರು, ಈಗ ನಾಯಿ ಸರದಿ ಅಂತ. ಆ ಸೂಜಿ ಚುಚ್ಚಿಸ್ಕೊಂಡ್ರೆ ನಾಯಿ ಬೊಗಳೋದೇ ಬಿಟ್ಬಿಡುತ್ತಂತೆ, ಮೂಲೇಲಿ ಬಿದ್ಕೊಂಡಿರುತ್ತಂತೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅಕ್ಕಾ, ಇದು ಹುಚ್ಚು ಬರದ ಹಾಗೆ ಕೊಡೋ ಔಷಧಿ ಕಣಕ್ಕ!"

"ನಂಗೊತ್ತು ಬಿಡೇ, ನಾನೇನ್ ಹಂಗಂದ್ನಾ? ಊರೋರ ಮಾತು ಹೇಳ್ದೆ" ಅಂದಳು ಗಿರಿಜಕ್ಕ. ರಾಜ ಮೇಜಿನ ಕೆಳಗೆ ಕೂತು ನನ್ನ ಪಾದದ ಮೇಲೆ ಗದ್ದ ಇಟ್ಟಿದ್ದ. ಅವನಿಗೆ ಅರ್ಧ ಇಡ್ಲಿ ಹಾಕಿದೆ.

ಬೇಸಿಗೆಯಲ್ಲಿ ಶಿವನಿಯ ಪಕ್ಕದ ಹಳ್ಳಿಯಲ್ಲಿ ಹುಚ್ಚುನಾಯಿ ಕಚ್ಚಿ ಎರಡು ಎತ್ತು ಸತ್ತವು. ಆಮೇಲೆ ಊರಿಗೆ ಭಯ ಹತ್ತಿತು. ಊರ ಹಿರಿಯರು ಸೇರಿ ಒಂದು ಕಟ್ಟುಪಾಡು ಮಾಡಿದರು. ಇಂಜೆಕ್ಷನ್ ಆದ ನಾಯಿಯ ಕುತ್ತಿಗೆಗೆ ಹಿತ್ತಾಳೆಯ ಬಿಲ್ಲೆ, ಮಳೆಗಾಲ ಶುರುವಾದ ಮೇಲೆ ಬಿಲ್ಲೆಯಿಲ್ಲದ ನಾಯಿ ಕಂಡರೆ ದೊಣ್ಣೆ. ಇದಕ್ಕೆಲ್ಲ ಮುಂದಾಳು ಈರುಳ್ಳಿ ಮಂಡಿಯ ರುದ್ರಪ್ಪಣ್ಣ. ಹಣೆತುಂಬ ವಿಭೂತಿ, ದೊಡ್ಡ ದನಿ, ಊರಿನಲ್ಲಿ ಅವರ ಮಾತು ಮೀರುವವರಿಲ್ಲ. ಬಿಲ್ಲೆಗಳ ಗಂಟನ್ನು ಅವರೇ ತಂದು ನನ್ನ ಮೇಜಿನ ಮೇಲಿಟ್ಟು, "ನೀನು ಚುಚ್ಚು, ಬಿಲ್ಲೆ ಕೊಡು. ಬರದೆ ಎಲ್ಲೋಗ್ತಾರೆ ನೋಡೇಬಿಡಣ" ಅಂದರು.

ಬಂದರಪ್ಪ ಬಂದರು! ಅದರ ಮುಂದಿನ ಗುರುವಾರ ಕೋಣೆಯ ಮುಂದೆ ಜಾತ್ರೆ. ನಾಯಿಯ ಮೂತಿ ಕಟ್ಟದೆ ಸೂಜಿ ಎತ್ತಬೇಡ ಅಂತ ಡಾಕ್ಟರು ನನಗೆ ಕಟ್ಟಪ್ಪಣೆ ಮಾಡಿದ್ದರು. ಕಟ್ಟಲು ಹೋದರೆ ಕಚ್ಚುತ್ತವೆ ಅಂತ ಊರವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ನಾಯಿಯ ತಲೆಗೆ ಗೋಣಿಚೀಲ ತೊಡಿಸಿ, ಅರ್ಧ ಮೈವರೆಗೂ ಎಳೆದು, ಇಬ್ಬರು ಅದುಮಿ ಹಿಡಿದುಕೊಂಡು ತರುವುದು. ಆಚೆ ಕಾಣುವುದು ಹಿಂಗಾಲು, ತೊಡೆ, ಬಾಲ ಅಷ್ಟೇ. ನನಗೂ ಬೇಕಾಗಿದ್ದದ್ದು ತೊಡೆಯೇ ತಾನೇ? ಸ್ಪಿರಿಟ್ ಉಜ್ಜಿ ಚುಚ್ಚುವುದು, ಒಳಗಿನಿಂದ ಒಂದು ಕಿರುಚಾಟ, ಬಿಲ್ಲೆಯನ್ನು ಯಜಮಾನನ ಕೈಗೆ ಕೊಡುವುದು, ಮುಂದಿನ ಚೀಲ. ಆಗಿನ ಲಸಿಕೆಯೂ ಈಗಿನ ಹಾಗೆ ಇರುವೆ ಕಚ್ಚಿದಂತೆ ಅಲ್ಲ, ಸಿರಿಂಜಿನ ತುಂಬ ಔಷಧಿ, ದಪ್ಪ ಸೂಜಿ. ಗಿರಿಜಕ್ಕನೂ ಒಂದು ಚೀಲ ತಬ್ಬಿಕೊಂಡು ನೂಕುನುಗ್ಗಲಿನಲ್ಲಿ ಬಂದಿದ್ದಳು. "ಬೇಗ ಚುಚ್ಚು ಕಣೇ, ಒಲೆ ಮೇಲೆ ಸಾಂಬಾರು ಬಿಟ್ಟು ಬಂದಿದೀನಿ" ಅಂದಳು, ಚುಚ್ಚಿ ಕಳಿಸಿದೆ.

ಡಾಕ್ಟರು ಬೆನ್ನು ತಟ್ಟಿದರು. ಅಮ್ಮ ಮನೆಯಲ್ಲಿ ಕಾಯಿಹೋಳಿಗೆ ಮಾಡಿದಳು. ಕೊನೆಗೂ ಜನಕ್ಕೆ ಬುದ್ಧಿ ಬಂತು ಅಂತ ನಾನು ನೆಲದ ಮೇಲೆ ನಿಲ್ಲದವಳ ಹಾಗೆ ಓಡಾಡಿದೆ.

ಆದರೆ ಅಲ್ಲಿಂದ ನಾಯಿಗಳು ನನ್ನನ್ನು ಅವಮಾನ ಮಾಡಲು ಶುರು ಮಾಡಿದವು. ನಾನು ರೈಲಿಳಿದರೆ ಸಾಕು, ಪ್ಲಾಟ್‌ಫಾರಂ ಮೇಲೆ ಬಿಸಿಲು ಕಾಯುತ್ತ ಬಿದ್ದಿರುತ್ತಿದ್ದ ಬೀದಿನಾಯಿಗಳೆಲ್ಲ ಮೂಗು ಮೇಲೆತ್ತಿ, ಸ್ಪಿರಿಟ್ಟಿನ ವಾಸನೆ ಹಿಡಿದು, ಬಾಲ ಮಡಚಿಕೊಂಡು ಗೂಡ್ಸ್ ಶೆಡ್ಡಿನ ಹಿಂದೆ ಪರಾರಿ. ಜನ ನೋಡಿ ನಗುತ್ತಿದ್ದರು. "ನರ್ಸಮ್ಮ ಬಂದ್ಲು, ದಾರಿ ಬಿಡ್ರೋ" ಅಂತ ಹಮಾಲಿಗಳು ನಾಯಿಗಳಿಗೇ ಕೂಗಿ ಹೇಳುತ್ತಿದ್ದರು. ಅಲ್ಲಾ, ನಾನೇನು ರಾಕ್ಷಸಿಯೇ? ನಿಮ್ಮ ಒಳ್ಳೆಯದಕ್ಕೇ ಅಲ್ಲವೇನ್ರೋ ಇಷ್ಟು ಒದ್ದಾಡುತ್ತಿರುವುದು ಅಂತ ಆ ಮೂಕಪ್ರಾಣಿಗಳ ಮೇಲೂ ಸಿಟ್ಟು ಬರುತ್ತಿತ್ತು.

ಸಮಾಧಾನ ಅಂದರೆ ರಾಜ ಒಬ್ಬನೇ. ಕುತ್ತಿಗೆಯಲ್ಲಿ ಬಿಲ್ಲೆ ಕುಣಿಸುತ್ತ ದೂರದಿಂದಲೇ ಓಡಿ ಬರುತ್ತಿದ್ದ. ಬಾಲದ ಜೊತೆ ಇಡೀ ಹಿಂಭಾಗವೇ ಅಲ್ಲಾಡುತ್ತಿತ್ತು. ನನ್ನ ಚೀಲಕ್ಕೆ ಮೂತಿ ಹಾಕಿ, ಕೈ ನೆಕ್ಕಿ, ಹೋಟೆಲಿನವರೆಗೂ ಜೊತೆಗೆ ಬರುತ್ತಿದ್ದ. "ನೋಡಕ್ಕ, ಇಡೀ ಊರಲ್ಲಿ ಉಪಕಾರ ನೆನೆಯೋನು ಇವನೊಬ್ಬನೇ" ಅನ್ನುತ್ತಿದ್ದೆ. ಗಿರಿಜಕ್ಕ ಅತ್ತ ತಿರುಗಿ ಕಾಫಿ ಲೋಟ ತೊಳೆಯುತ್ತಿದ್ದಳು.

ಮಳೆಗಾಲಕ್ಕೆ ಮುಂಚೆ ಒಂದು ಗುರುವಾರ ಇಬ್ಬರು ಒಂದು ಚೀಲ ಹೊತ್ತು ತಂದರು. ಸೂಜಿ ಎತ್ತಿದವಳು ಹಾಗೇ ನಿಂತೆ. ಚೀಲದಿಂದ ಹೊರಗೆ ಕಾಣುತ್ತಿದ್ದದ್ದು ಅರ್ಧ ಬಾಲ. ಆ ಅರ್ಧ ಬಾಲ ನಾನು ನೋಡಿದ್ದೆ, ಹಿಂದಿನ ಗುರುವಾರಗಳ ನೂಕುನುಗ್ಗಲಿನಲ್ಲಿ ಅಷ್ಟು ಗಮನ ಕೊಡದೆ ಚುಚ್ಚಿಯೂ ಇದ್ದೆ. ಸ್ಟೇಷನ್ನಿನ ನಾಯಿ ಮೋಟನದು ಅದು. ರೈಲಿನ ಗಾಲಿಗೆ ಸಿಕ್ಕಿ ಬಾಲ ಕಳೆದುಕೊಂಡು ಆ ಹೆಸರು ಪಡೆದಿದ್ದ.

"ಇದಕ್ಕೆ ಆಗಲೇ ಆಗಿದೆ. ಇದು ಮೋಟ ಅಲ್ವೇನ್ರೋ?"

"ಇಲ್ಲ ನರ್ಸಮ್ಮ, ಇದು ನಮ್ಮನೇದು."

"ಬಾಲ?"

"ಇದಕ್ಕೂ ಹಂಗೇ ಆಯ್ತು." ಹೇಳಿದವನ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಬೇಡವೇ? "ಅದರ ತಮ್ಮ ಇದು."

ಚೀಲ ಕಿತ್ತು ಬಿಸಾಡಿದೆ. ಮೋಟನೇ! ನನ್ನ ಮುಖ ನೋಡಿದವನೇ ಕುಂಯ್ ಅಂದು ಇಬ್ಬರ ಕೈಯಿಂದಲೂ ಜಾರಿ ಓಡಿದ. ಆಗ ಒಂದೊಂದೇ ಹೊರಗೆ ಬಂತು. ಊರಿನವರಿಗೆ ಸೂಜಿಯ ಭಯ ಹೋಗಿರಲಿಲ್ಲ, ಅದರ ಮೇಲೆ ದೊಣ್ಣೆಯ ಭಯವೂ ಸೇರಿತ್ತು. ಎರಡಕ್ಕೂ ಸೇರಿ ಒಂದೇ ಮದ್ದು ಕಂಡುಹಿಡಿದಿದ್ದರು. ಬೀದಿನಾಯಿಯನ್ನು ಹಿಡಿದು ಚೀಲಕ್ಕೆ ತುಂಬಿ ಚುಚ್ಚಿಸುವುದು, ಬಿಲ್ಲೆ ತಂದು ಮನೆಯ ನಾಯಿಗೆ ಕಟ್ಟುವುದು. ಹಿಡಿಯಲು ಸುಲಭವಾಗಿ ಸಿಗುತ್ತಿದ್ದವನು ಮೋಟ. ಎಷ್ಟು ಮನೆಯ ಪಾಲಿನ ಸೂಜಿಯನ್ನು ಆ ಬಡಪಾಯಿ ಒಬ್ಬನೇ ತಿಂದಿದ್ದನೋ ಶಿವನೇ ಬಲ್ಲ.

ನಾನು ನೇರ ಮಂಡಿಗೆ ಹೋಗಿ ರುದ್ರಪ್ಪಣ್ಣನ ಎದುರು ನಿಂತು ಕೂಗಾಡಿದೆ. ಅವರು ಈರುಳ್ಳಿ ಚೀಲಕ್ಕೆ ಒರಗಿಕೊಂಡು ಶಾಂತವಾಗಿ, "ಹೋಗ್ಲಿ ಬಿಡಮ್ಮ, ಯಾವ್ದೋ ನಾಯಿಗೆ ಚುಚ್ಚಿದ್ದು ವೇಸ್ಟ್ ಏನಾಗಿಲ್ವಲ್ಲ" ಅಂದರು. ಯಾವುದೋ ನಾಯಿ! ನಾನು ರೈಲಿಗೆ ಮುಂಚೆ ಮೋಟನನ್ನು ಹುಡುಕಿ, ಬನ್ನು ತೋರಿಸಿ ಹತ್ತಿರ ಕರೆದು, ತಂತಿಯಿಂದ ಅವನ ಕುತ್ತಿಗೆಗೆ ಒಂದು ಬಿಲ್ಲೆ ಬಿಗಿದೆ. ಮುಂದಿನ ಗುರುವಾರ ನೋಡಿದರೆ ತಂತಿಯೂ ಇಲ್ಲ, ಬಿಲ್ಲೆಯೂ ಇಲ್ಲ. ಇವರಿಗೆಲ್ಲ ಏನು ಹೇಳುವುದು, ಹೇಗೆ ಹೇಳುವುದು?

ಗಿರಿಜಕ್ಕನನ್ನೂ ಕೇಳಿದೆ. ಕೇಳದೆ ಇರಲು ಆಗಲಿಲ್ಲ. "ಅಕ್ಕಾ, ನೀನೂ ಹೀಗೇ ಮಾಡಿದೀಯಾ?"

"ಥೂ, ಬಿಡ್ತು ಅನ್ನೇ!" ಅಂದಳು. "ನನ್ನ ಮಗಳ ಪಕ್ಕದಲ್ಲಿ ಮಲಗುತ್ತೆ ಅದು. ನಾನು ಹಂಗ್ ಮಾಡ್ತೀನಾ?"

ನಂಬಿದೆ. ರಾಜ ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗಿದ್ದ.

ಮುಂಗಾರು ಹಿಡಿದು ರಾಗಿ ಬಿತ್ತನೆಗೆ ಊರು ಅಣಿಯಾಗುತ್ತಿತ್ತು. ಆ ಗುರುವಾರ ರೈಲು ತಡ. ಜಿನುಗು ಮಳೆಯಲ್ಲಿ ಇಳಿದರೆ ಸ್ಟೇಷನ್ನಿನ ಮುಂದೆ ಗುಂಪು. ಬೆಳಗ್ಗೆ ಹುಚ್ಚುನಾಯಿಯೊಂದು ಹಳಿಗುಂಟ ಬಂದು, ಇಡ್ಲಿಯ ಹಿಟ್ಟು ರುಬ್ಬುತ್ತಿದ್ದ ಗಿರಿಜಕ್ಕನ ಕಡೆ ನುಗ್ಗಿತಂತೆ. ರಾಜ ಅಡ್ಡ ಬಿದ್ದು ಕಚ್ಚಾಡಿದ್ದಾನೆ. ಹುಚ್ಚುನಾಯಿಯನ್ನು ಜನ ಅಲ್ಲೇ ಹೊಡೆದು ಹಾಕಿದ್ದರು. ಅದು ಕಚ್ಚಿದ್ದು ರಾಜನ ಭುಜಕ್ಕೆ. ಈಗ ಅವನನ್ನು ಹೋಟೆಲಿನ ಕಂಬಕ್ಕೆ ಕಟ್ಟಿದ್ದರು, ಎದುರಿಗೆ ದೊಣ್ಣೆ ಹಿಡಿದ ನಾಲ್ಕಾರು ಗಂಡಸರು, ಮುಂದೆ ರುದ್ರಪ್ಪಣ್ಣ.

"ಸರಿಯಾಗಿ ಬಂದೆ ನರ್ಸಮ್ಮ" ಅಂದರು. "ಇದಕ್ಕೆ ಇಂಜೆಕ್ಷನ್ ಆಗೈತಾ ಇಲ್ವಾ, ನೀನೇ ಹೇಳು. ಆಗಿದ್ರೆ ಇಲ್ಲೇ ಬಿದ್ದಿರಲಿ. ಆಗಿಲ್ಲ ಅಂದ್ರೆ ಈಗಲೇ ಮುಗಿಸ್ತೀವಿ. ಇನ್ನೊಂದು ಹುಚ್ಚು ನಮಗೆ ಬ್ಯಾಡ."

"ಆಗೈತಣ್ಣ, ಆಗೈತೆ, ಬಿಲ್ಲೆ ನೋಡಿ, ಕುತ್ತಿಗೇಲೇ ಐತೆ" ಅಂತ ಗಿರಿಜಕ್ಕ ಕೂಗಿದಳು. ಸುಮ ರಾಜನ ಹತ್ತಿರ ಹೋಗಬೇಕೆಂದು ಕೊಸರಾಡುತ್ತಿದ್ದಳು. ಗಿರಿಜಕ್ಕ ಎರಡೂ ಕೈಯಲ್ಲಿ ಮಗಳನ್ನು ಬಿಗಿಯಾಗಿ ಹಿಡಿದು, ಒಂದು ಹೆಜ್ಜೆಯೂ ಮುಂದೆ ಬಿಡುತ್ತಿರಲಿಲ್ಲ.

ಆ ಗಲಾಟೆಯಲ್ಲಿ, ಆ ನೋವಿನಲ್ಲಿ, ರಾಜ ನನ್ನನ್ನು ನೋಡಿದ. ನೋಡಿ, ಒದ್ದೆ ಮೈ ಕೊಡವಿ, ಹಗ್ಗ ಎಳೆಯುವಷ್ಟು ಮುಂದೆ ಬಂದು ಬಾಲ ಅಲ್ಲಾಡಿಸಿದ.

ನನ್ನ ಕೈಯಿಂದ ಚುಚ್ಚಿಸಿಕೊಂಡ ಒಂದೇ ಒಂದು ನಾಯಿಯೂ ಆ ಊರಿನಲ್ಲಿ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ನನ್ನ ನೆರಳು ಕಂಡರೆ ಓಡುತ್ತಿದ್ದವು. ಇವನು ಮಾತ್ರ ಅಷ್ಟು ತಿಂಗಳೂ ಓಡಿ ಓಡಿ ಬಂದು ಕೈ ನೆಕ್ಕಿದ್ದ. ಉಪಕಾರ ನೆನೆಯುವವನು ಅಂತ ನಾನು ಬೀಗಿದ್ದೆ! ಇವನಿಗೆ ನನ್ನ ಸೂಜಿಯ ಗುರುತೇ ಇರಲಿಲ್ಲ.

ಗಿರಿಜಕ್ಕನ ಮುಖ ನೋಡಿದೆ. ನನಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ಕೋಪದಲ್ಲಿ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆಗಿದೆ ಅಂದರೆ ರಾಜ ಈ ಹೋಟೆಲಿನಲ್ಲೇ ಉಳಿಯುತ್ತಾನೆ, ಇನ್ನೊಂದಿಷ್ಟು ವಾರಕ್ಕೆ ಹುಚ್ಚು ಹತ್ತಿದರೆ ಪಕ್ಕದಲ್ಲಿ ಮಲಗುವವಳು ಸುಮ. ಆಗಿಲ್ಲ ಅಂದರೆ ಆ ಮಗುವಿನ ಕಣ್ಣೆದುರೇ, ಅವರನ್ನು ಕಾಯ್ದವನ ತಲೆಗೆ ದೊಣ್ಣೆ.

"ಹೇಳಮ್ಮ" ಅಂದರು ರುದ್ರಪ್ಪಣ್ಣ. "ಆಗೈತಾ, ಇಲ್ವಾ?"

ಆಗಲೇ ಅವರ ಕಾಲ ಹಿಂದಿನಿಂದ ಅವರ ನಾಯಿ ಟೈಗರ್ ಬಂದಿತು. ಕೊಬ್ಬಿದ ಕರಿ ನಾಯಿ, ಕುತ್ತಿಗೆಯಲ್ಲಿ ಫಳಫಳ ಬಿಲ್ಲೆ. ನೇರ ನನ್ನ ಹತ್ತಿರ ಬಂದು ಚೀಲ ಮೂಸಿ, ಖುಷಿಯಾಗಿ ಬಾಲ ಆಡಿಸುತ್ತ ನಿಂತಿತು. ಅಷ್ಟು ಹೊತ್ತು ತಡೆದಿದ್ದ ಸಿಟ್ಟೆಲ್ಲ ಬಾಯಿಗೆ ಬಂತು.

"ರುದ್ರಪ್ಪಣ್ಣ, ನನ್ನನ್ನ ಯಾಕೆ ಕೇಳ್ತೀರಿ? ನಿಮ್ಮ ಟೈಗರನ್ನೇ ಕೇಳಿ! ನಾನು ಚುಚ್ಚಿರೋ ನಾಯಿ ಈ ಊರಲ್ಲಿ ನನ್ನ ಹತ್ರ ಬರುತ್ತಾ? ನೀವೇ ನೋಡಿ ನೋಡಿ ನಕ್ಕಿಲ್ವಾ? ಇದು ಹೆಂಗೆ ಬಾಲ ಆಡಿಸ್ತಾ ನಿಂತಿದೆ ನೋಡಿ. ರಾಜನಿಗೆ ದೊಣ್ಣೆ ಎತ್ತೋರು ಮೊದಲು ಟೈಗರ್‌ಗೆ ಎತ್ತಿ. ಆಮೇಲೆ ಒಬ್ಬೊಬ್ಬರೂ ನಿಮ್ಮ ನಿಮ್ಮ ಮನೆ ನಾಯಿ ಕರ್ಕೊಂಡ್ ಬನ್ನಿ. ನನ್ನ ನೋಡಿ ಯಾವುದು ಓಡೋದಿಲ್ವೋ ಅದಕ್ಕೆಲ್ಲ ಹಾಕಿ ದೊಣ್ಣೆ. ಮಾತಾಡ್ರೀ! ಈಗ ಯಾಕೆ ಬಾಯಿ ಕಟ್ಟೋಯ್ತು?"

ಮಳೆ ಜಿನುಗುತ್ತಲೇ ಇತ್ತು. ಒಬ್ಬ ದೊಣ್ಣೆಯನ್ನು ನಿಧಾನವಾಗಿ ಗೋಡೆಗೆ ಒರಗಿಸಿದ. ರುದ್ರಪ್ಪಣ್ಣ ಬಗ್ಗಿ ಟೈಗರಿನ ಕುತ್ತಿಗೆಪಟ್ಟಿ ಹಿಡಿದು ತಮ್ಮ ಕಡೆ ಎಳೆದುಕೊಂಡರು. ಅಷ್ಟು ದೊಡ್ಡ ದನಿಯವರು ಅಂದು, "ಹಂಗಾದ್ರೆ ಏನ್ಮಾಡ್ಬೇಕು ಹೇಳಮ್ಮ" ಅಂದದ್ದು ನನಗೊಬ್ಬಳಿಗೇ ಕೇಳಿಸುವಷ್ಟು ಸಣ್ಣಗೆ.

"ಇದನ್ನ ನಾನು ಅಜ್ಜಂಪುರಕ್ಕೆ ಕರ್ಕೊಂಡು ಹೋಗ್ತೀನಿ. ಉಳಿದರೆ ಉಳಿಯುತ್ತೆ, ಇಲ್ಲದಿದ್ರೆ ಅಲ್ಲೇ ಬೀಗದೊಳಗೆ ಸಾಯುತ್ತೆ, ಯಾರಿಗೂ ತೊಂದರೆಯಿಲ್ಲ. ನಿಮ್ಮ ನಾಯಿಗಳನ್ನ ಮುಂದಿನ ಗುರುವಾರ ತನ್ನಿ. ಚೀಲ ಗೀಲ ಇಲ್ಲ. ಮೂತಿ ಕಟ್ಟಿ, ಮುಖ ಕಾಣೋ ಹಾಗೆ ತನ್ನಿ."

ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು, ರಾಜನ ಮೂತಿ ಕಟ್ಟಿ, ಸೋಪಿನ ನೀರಿನಲ್ಲಿ ಗಾಯವನ್ನು ತೊಳೆದೆ, ಮತ್ತೆ ಮತ್ತೆ ತೊಳೆದೆ. ಗಿರಿಜಕ್ಕ ನೀರು ಹೊಯ್ಯುತ್ತ ಅಳುತ್ತಿದ್ದಳು. "ಬೊಗಳೋದು ಬಿಟ್ಬಿಟ್ರೆ ನಮಗ್ಯಾರೇ ದಿಕ್ಕು ಅಂತ ಮಾಡ್ದೆ ಪುಷ್ಪ. ಇವನನ್ನ ಬಿಟ್ರೆ ನಮ್ಮನ್ನ ಕಾಯೋರು ಯಾರಿದಾರೆ ಹೇಳು. ಊರೋರೆಲ್ಲ ಮಾಡಿದ್ರು, ನಾನೂ ಮಾಡ್ದೆ."

"ಮಗು ಪಕ್ಕದಲ್ಲಿ ಮಲಗಿಸಿಕೊಂಡು, ನನ್ನ ಮುಖ ನೋಡಿ ಸುಳ್ಳು ಹೇಳಿದ್ಯಲ್ಲಕ್ಕ!"

"ಬೈಯೇ, ಎಷ್ಟು ಬೇಕಾದ್ರೂ ಬೈಯಿ. ಇದನ್ನ ಉಳಿಸ್ಕೊಡೇ."

ಬೈಯಲು ನನ್ನಲ್ಲಿ ಬೇಕಾದಷ್ಟಿತ್ತು. ಆದರೆ ಗಾಯ ತೊಳೆಯುವುದು ಇನ್ನೂ ಮುಗಿದಿರಲಿಲ್ಲ. ಸಂಜೆಯ ರೈಲಿನಲ್ಲಿ ಗಾರ್ಡ್ ಸಾಹೇಬರನ್ನು ಕಾಡಿ ಬೇಡಿ, ಅವರ ಡಬ್ಬಿಯಲ್ಲಿ ರಾಜನನ್ನು ಸರಪಳಿ ಹಾಕಿ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವನು ನನಗೇ ಒರಗಿಕೊಂಡು ಕೂತಿದ್ದ.

ಡಾಕ್ಟರು ಗಾಯ ನೋಡಿ ತಲೆ ಆಡಿಸಿದರು. "ಭರವಸೆ ಇಟ್ಕೋಬೇಡಮ್ಮ" ಅಂದರು. ಆಸ್ಪತ್ರೆಯ ಹಿಂದಿನ ಹಳೆಯ ಶೆಡ್ಡಿಗೆ ಕಬ್ಬಿಣದ ಜಾಲರಿ ಹಾಕಿಸಿ ಅದರೊಳಗೆ ಬಿಟ್ಟೆವು. ದಿನಕ್ಕೊಂದು ಇಂಜೆಕ್ಷನ್, ಅದೇ ದಪ್ಪ ಸೂಜಿ. ಕೊಡುವವಳು ನಾನೇ. ಮೊದಲನೇ ದಿನ ಬಾಲ ಅಲ್ಲಾಡಿಸಿಕೊಂಡೇ ಬಂದ. 'ಇವಳು ನೋಯಿಸುವವಳಲ್ಲ' ಎಂಬ ಅವನ ನಂಬಿಕೆ ಮೂರನೆಯ ದಿನಕ್ಕೆ ಮುಗಿಯಿತು. ಆಮೇಲೆ ನನ್ನ ಹೆಜ್ಜೆಯ ಸದ್ದಿಗೇ ಮೂಲೆ ಸೇರಿ ಗೋಡೆಗೆ ಮುಖ ಮಾಡುತ್ತಿದ್ದ. ಜಾಲರಿಯಿಂದ ಒಳಗೆ ತೂರಿಸಿದ ಅನ್ನವನ್ನು ನಾನು ಅತ್ತ ಹೋದ ಮೇಲೆಯೇ ಮುಟ್ಟುತ್ತಿದ್ದ. ನಾನು ಎಷ್ಟು ಸಲ ಅಲ್ಲಿ ನಿಂತು ಅವನನ್ನೇ ಬೈದಿದ್ದೇನೋ! "ಲೇ ಪೆದ್ದ, ನಿನಗೋಸ್ಕರ ಕಣೋ ಇದೆಲ್ಲ" ಅಂತ. ಬೈದು ಮನೆಗೆ ಬಂದು ಊಟ ಸೇರದೆ ಎದ್ದರೆ, "ನಾಯಿನ ಇಷ್ಟೊಂದು ಹಚ್ಕೋಬಾರ್ದು ಕಣೇ" ಅಂತ ಅಮ್ಮ ಗೊಣಗುತ್ತಿದ್ದಳು.

ಇತ್ತ ಶಿವನಿಯಲ್ಲಿ ಮುಂದಿನ ಗುರುವಾರ ಎಲ್ಲರಿಗಿಂತ ಮೊದಲು ಬಂದು ನಿಂತವರು ರುದ್ರಪ್ಪಣ್ಣ, ಜೊತೆಗೆ ಟೈಗರ್. ಚುಚ್ಚಿದ ಮೇಲೆ ಅದು ಹಗ್ಗ ಕಿತ್ತುಕೊಂಡು ಓಡಿದ ರಭಸಕ್ಕೆ ಅವರ ಪಂಚೆಯೇ ಬಿಚ್ಚಿಹೋಯಿತು. ಹಿಂದೆಯೇ ಊರು ಬಂತು. ಮುಖ ನೋಡಿ ಚುಚ್ಚಿದೆ, ಬಿಲ್ಲೆಯನ್ನು ನಾನೇ ಕಟ್ಟಿದೆ. ಮೋಟನಿಗೂ ಕಟ್ಟಿದೆ, ಈ ಸಲ ಯಾರೂ ಕೀಳಲಿಲ್ಲ. ಆಮೇಲೆ ನಾನು ರೈಲಿಳಿದರೆ ಇಡೀ ಶಿವನಿಯಲ್ಲಿ ಒಂದು ನಾಯಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಹಮಾಲಿಗಳು ಮೊದಲಿಗಿಂತ ಜೋರಾಗಿ ನಕ್ಕರು. ನಗಲಿ ಅಂದುಕೊಂಡೆ.

ವಾರ ಕಳೆಯಿತು, ತಿಂಗಳುಗಳು ಕಳೆದವು. ರಾಜ ನೀರು ಕಂಡು ಬೆದರಲಿಲ್ಲ, ಜೊಲ್ಲು ಸುರಿಸಲಿಲ್ಲ, ಗಾಯ ಮಾಯ್ದು ಮೇಲೆ ಕೂದಲು ಬಂತು. ಔಷಧಿ ಕೆಲಸ ಮಾಡಿತೋ, ಹುಚ್ಚುನಾಯಿಯ ಹಲ್ಲು ಸರಿಯಾಗಿ ನಾಟಿರಲಿಲ್ಲವೋ, ಡಾಕ್ಟರಿಗೂ ಹೇಳಲಾಗಲಿಲ್ಲ. ರಾಗಿ ಕೊಯ್ಲೆಲ್ಲ ಮುಗಿದು ಕಣ ಮಾಡುವ ಹೊತ್ತಿಗೆ, "ಇನ್ನು ಕರ್ಕೊಂಡು ಹೋಗಮ್ಮ" ಅಂದರು.

ಶಿವನಿಯಲ್ಲಿ ಇಳಿದು ಸರಪಳಿ ಬಿಚ್ಚಿದ್ದೇ ತಡ, ರಾಜ ಪ್ಲಾಟ್‌ಫಾರಂ ಉದ್ದಕ್ಕೂ ಬೊಗಳುತ್ತ ಓಡಿದ. ಸುಮ ಎದುರಿನಿಂದ ಓಡಿ ಬಂದಳು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಗಿರಿಜಕ್ಕ ಒಲೆ ಬಿಟ್ಟು ಹೊರಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು. "ಬೊಗಳ್ತಾವ್ನೆ ಕಣೇ" ಅಂದಳು. ಇಷ್ಟೆಲ್ಲ ಆದ ಮೇಲೂ ಅವಳ ಮೊದಲ ಮಾತು ಅದು! ಏನು ಹೇಳಲಿ ಇವರಿಗೆ.

ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಕೂತೆ. ಗಿರಿಜಕ್ಕ ಬಿಸಿ ಇಡ್ಲಿ ತಂದಿಟ್ಟಳು. ಹಳೆಯ ಅಭ್ಯಾಸ, ಅರ್ಧ ಮುರಿದು ಕೈ ಚಾಚಿ "ರಾಜಾ" ಅಂದೆ. ಅವನು ನನ್ನ ದನಿ ಕೇಳಿ ನಿಂತ, ಬಾಲ ಮಡಚಿದ, ಮೈ ಕುಗ್ಗಿಸಿ ಎದುರಿನ ಬೆಂಚಿನ ಕೆಳಗೆ, ಸುಮಾಳ ಕಾಲ ಹಿಂದೆ ತೂರಿಕೊಂಡ.

"ಲೇ ರಾಜ, ನಿನ್ನ ಜೀವ ಉಳಿಸಿದೋಳು ಕಣೋ ಅವಳು!" ಗಿರಿಜಕ್ಕನಿಗೆ ನಾಚಿಕೆಯಾಯಿತು. "ಬಾರೋ ಇತ್ಲಾಗೆ!"

"ಬಿಡಕ್ಕ" ಅಂದೆ. "ಹೆದರಲಿ. ಹಾಗಿದ್ರೇನೇ ನಂಗೆ ನೆಮ್ಮದಿ." ಅಂದೇನೋ ಅಂದೆ, ಚಾಚಿದ ಕೈ ಮಾತ್ರ ಹಿಂದಕ್ಕೆ ಬರಲಿಲ್ಲ. ಅಷ್ಟು ಪ್ರೀತಿ ಮಾಡುತ್ತಿದ್ದವನು.

ಹೊರಡುವಾಗ ಆ ಅರ್ಧ ಇಡ್ಲಿಯನ್ನು ಅವನ ಬೆಂಚಿನ ಹತ್ತಿರ ನೆಲದ ಮೇಲಿಟ್ಟು ದೂರ ಬಂದೆ. ರೈಲು ಬಂತು, ಹತ್ತಿ ಕಿಟಕಿ ಪಕ್ಕ ಕೂತೆ. ಗಾಡಿ ಅಲುಗಾಡಿ ಮುಂದೆ ಸರಿದ ಮೇಲೆ ತಿರುಗಿ ನೋಡಿದೆ. ರಾಜ ಬೆಂಚಿನಡಿಯಿಂದ ಹೊರಗೆ ಬಂದು ಇಡ್ಲಿ ತಿನ್ನುತ್ತಿದ್ದ. ಅವನ ಬಾಲ ಅಲ್ಲಾಡುತ್ತಿತ್ತು.